ಹನ್ನೊಂದು ಗಂಟೆಯ ನೆರಳು

"ಸ್ವಲ್ಪ ಪಕ್ಕಕ್ಕೆ ಸರೀರಿ. ನಿಮ್ಮ ನೆರಳು ಬೀಳ್ತಿದೆ."

ತಾರಸಿಯ ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಗುಬ್ಬಿಯ ಮುಖ ಕೆಂಪಾಯಿತು. ಮನೆಗೆ ಸೋಲಾರ್ ಹಾಕಲು ಬಂದವನು ಅವಳಿಗೆ ಆಡಿದ ಮೊದಲ ಮಾತು ಅದು. ಮುಖವನ್ನೂ ನೋಡಿರಲಿಲ್ಲ... ನೆರಳನ್ನಷ್ಟೇ ನೋಡಿದ್ದ.

"ಅಷ್ಟಗಲ ಪ್ಯಾನಲ್ಲು. ಒಂದು ಮೂಲೇಲಿ ನೆರಳು ಬಿದ್ರೆ ಏನು ಗಂಟು ಹೋಗುತ್ತೆ?"

"ನೋಡ್ತೀರಾ?"

ಆಗ ಅವನು ತಲೆಯೆತ್ತಿದ. ಬಿಸಿಲಿಗೆ ಕಿರಿದಾದ ಕಣ್ಣು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಅಂಗೈಯನ್ನು ಪ್ಯಾನಲಿನ ಮೂಲೆಯ ಮೇಲೆ ಚಾಚಿ, ಇನ್ನೊಂದು ಕೈಯಲ್ಲಿದ್ದ ಮೀಟರನ್ನು ಅವಳತ್ತ ತಿರುಗಿಸಿದ. ಅಂಕಿ ಸರ್ರನೆ ಕೆಳಗಿಳಿಯಿತು. ಕೈ ತೆಗೆದ. ಅಂಕಿ ಮತ್ತೆ ಮೇಲೆದ್ದಿತು.

"ಎರಡು ಪ್ಯಾನಲನ್ನೂ ಒಂದೇ ಸಾಲಲ್ಲಿ ಜೋಡಿಸಿದೀನಿ. ಒಂದಕ್ಕೆ ಕತ್ತಲಾದ್ರೆ ಇನ್ನೊಂದೂ ಸೊರಗುತ್ತೆ."

ಅವನು ಹೇಳಿದ್ದು ಪ್ಯಾನಲಿನ ವಿಷಯ. ಆದರೆ ಗುಬ್ಬಿಯ ಎದೆ ಸುಮ್ಮನೆ ಒಂದು ಬಡಿತ ತಪ್ಪಿತು.

ಆ ಊರಿನಲ್ಲಿ ದಿನವೂ ಬೆಳಗಿನ ಹನ್ನೊಂದಕ್ಕೆ ಹೋದ ಕರೆಂಟು ಬರುತ್ತಿದ್ದುದು ಮಧ್ಯಾಹ್ನ ಮೂರಕ್ಕೆ. ಗುಬ್ಬಿಯ ಹೊಲಿಗೆ ಮೆಷಿನ್ನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತಿತ್ತು. ಅದು ಹೇಗೋ ನಡೆಯುತ್ತಿತ್ತು. ನಡೆಯದಿದ್ದುದು ಅಪ್ಪನ ಉಸಿರು. ನಲವತ್ತು ವರ್ಷ ಬಸ್ಸು ಓಡಿಸಿ ಹೊಗೆ ಕುಡಿದ ಎದೆ ಅದು. ಔಷಧವನ್ನು ಹಬೆ ಮಾಡಿ ಮೂಗಿಗೆ ಬಿಡುವ ಪುಟ್ಟ ಯಂತ್ರ ದಿನಕ್ಕೆ ಮೂರು ಸಲ ನಡೆಯಲೇಬೇಕಿತ್ತು. ಹಡಗಿನ ಕೆಲಸದಲ್ಲಿದ್ದ ಅಣ್ಣ ವರ್ಷಕ್ಕೆರಡು ಸಲ ಬರುತ್ತಿದ್ದ. ಮನೆಯ ಯಜಮಾನಿಕೆ ಅತ್ತಿಗೆಯದು.

ಕೆಲಸಕ್ಕೆ ಮೊದಲು ಅವನು ಅಪ್ಪನ ಮಂಚದ ಪಕ್ಕ ಕೂತು ಪುಸ್ತಕ ತೆರೆದಿದ್ದ. "ಮನೇಲಿ ಏನೇನು ಓಡುತ್ತೆ, ಎಷ್ಟೆಷ್ಟು ಹೊತ್ತು ಓಡುತ್ತೆ, ಒಂದೂ ಬಿಡದೆ ಹೇಳಿ. ಅದರ ಮೇಲೆ ಬ್ಯಾಟರಿ ಎಷ್ಟು ದೊಡ್ಡದು ಬೇಕು ಅಂತ ಗೊತ್ತಾಗೋದು."

"ಬರ್ಕೊಳ್ಳಿ," ಎಂದಿದ್ದರು ಅಪ್ಪ. "ನನ್ನ ಸೊಸೆ ಬಾಯಿ. ದಿನಕ್ಕೆ ಹದಿನಾರು ಗಂಟೆ."

"ಅದಕ್ಕೆ ಬ್ಯಾಟರಿ ಬೇಡ ಬಿಡಿ. ತಾನೇ ಚಾರ್ಜ್ ಆಗುತ್ತೆ."

ಅಪ್ಪ ಕೆಮ್ಮು ಬರುವಷ್ಟು ನಕ್ಕರು. ಅವತ್ತಿನಿಂದ ಅವನ ಹೆಸರು 'ಸೂರ್ಯನ ಏಜೆಂಟು'.

ಮೂರೇ ದಿನ. ಬ್ಯಾಟರಿ ಮೆಟ್ಟಿಲ ಕೆಳಗೆ ಕೂತಿತು, ವೈರು ಗೋಡೆ ಹತ್ತಿತು. ಮೂರನೆಯ ದಿನ ಹನ್ನೊಂದಕ್ಕೆ ಬೀದಿಯೆಲ್ಲ ಸ್ತಬ್ಧವಾದಾಗ ಗುಬ್ಬಿಯ ಮೆಷಿನ್ನು ಮಾತ್ರ ಗುಟುರು ಹಾಕುತ್ತಿತ್ತು. ಅವನು ಬಾಗಿಲಿಗೆ ಒರಗಿ ಆ ಸದ್ದನ್ನು ಕೇಳಿಸಿಕೊಂಡ.

"ಇನ್ನು ನಾನು ಬರೋ ಕೆಲಸ ಇಲ್ಲ," ಎಂದ. "ಏನಾದ್ರೂ ತೊಂದರೆ ಆದ್ರೆ ಅಂಗಡಿಗೆ ಫೋನ್ ಮಾಡಿ."

ಅವನು ಹೋದ. ಮನೆಯಲ್ಲಿ ದೀಪ ಉರಿಯಿತು, ಫ್ಯಾನು ತಿರುಗಿತು... ಗುಬ್ಬಿಯೊಳಗೆ ಮಾತ್ರ ಯಾರೋ ಮೇನ್ ಸ್ವಿಚ್ ಆರಿಸಿದಂತಿತ್ತು.

'ತೊಂದರೆ ಆದ್ರೆ ತಾನೇ ಬರ್ತಾನೆ... ತೊಂದರೆ ಆಗದಿದ್ರೆ?'

ಹತ್ತು ದಿನ ತಡೆದಳು. ಹನ್ನೊಂದನೆಯ ದಿನ ಹನ್ನೊಂದು ಗಂಟೆಗೆ ಅಸ್ತರಿನ ಬಟ್ಟೆಯ ತುಂಡೊಂದನ್ನು ತೆಗೆದುಕೊಂಡು ತಾರಸಿ ಹತ್ತಿದಳು. ಒಂದು ಪ್ಯಾನಲಿನ ಮೂಲೆಗೆ ಹೊದಿಸಿ, ನಾಲ್ಕು ಕಲ್ಲು ಇಟ್ಟಳು. ಸಂಜೆ ಬಟ್ಟೆ ತೆಗೆದು ಅಂಗಡಿಗೆ ಫೋನ್ ಮಾಡಿದಳು.

"ಚಾರ್ಜ್ ಕಡಿಮೆ ತೋರಿಸ್ತಿದೆ."

ಮಾರನೆಯ ದಿನ ಅವನು ಬಂದ. ಪ್ಯಾನಲ್ ಒರೆಸಿದ, ಒಂದೊಂದೇ ತಿರುಪು ಬಿಗಿದ. ಏನೂ ಸಿಗಲಿಲ್ಲ. ಅಪ್ಪನ ಹತ್ತಿರ ಅರ್ಧ ಗಂಟೆ ಕೂತ, ಅವಳು ಕೊಟ್ಟ ನೀರು ಕುಡಿದ, ಹೋದ. ಅಷ್ಟೇ. ಆ ಅರ್ಧ ಗಂಟೆಯನ್ನು ಗುಬ್ಬಿ ವಾರವಿಡೀ ಬಿಚ್ಚಿ ಬಿಚ್ಚಿ ನೋಡಿಕೊಂಡಳು.

ಇನ್ನೊಂದು ಸಲ. ಮತ್ತೊಂದು ಸಲ. ಅವನು ಪ್ರತಿ ಸಲವೂ ಹೆಚ್ಚು ಮೌನಿಯಾಗುತ್ತಿದ್ದ. ಮೂರನೆಯ ಸಲ ನೀರನ್ನೂ ಮುಟ್ಟಲಿಲ್ಲ.

"ನಿಮಗೆ ನನ್ನ ಕೆಲಸ ಹಿಡಿಸಲಿಲ್ವಾ?" ಎಂದು ಮಾತ್ರ ಕೇಳಿದ.

ಹೇಳಬೇಕಿದ್ದ ಮಾತು ಗಂಟಲವರೆಗೂ ಬಂದಿತ್ತು. ಅತ್ತಿಗೆ ಒಳಗಿಂದ, "ಕೆಲಸ ಹಿಡಿಸೋದೇನು, ಮೂರು ಸಲ ಹತ್ತಿ ಇಳಿದ್ರೂ ಪತ್ತೆ ಹಚ್ಚೋಕೆ ಬರದ ಕೈ ಅದು," ಎಂದಳು. ಗುಬ್ಬಿ ಅವನು ಮುಟ್ಟದ ನೀರಿನ ಚೊಂಬನ್ನು ಎತ್ತಿಕೊಂಡು ಒಳಗೆ ಹೋದಳು.

ನಾಲ್ಕನೆಯ ಸಲ ಬಟ್ಟೆ ಹೊದಿಸಿ ಇಳಿದವಳಿಗೆ ಅಳತೆ ಕೊಡಲು ಇಬ್ಬರು ಹೆಂಗಸರು ಕಾದಿದ್ದರು. ತೋಳು, ಸೊಂಟ, ಕೊರಳು... ಮಾತಿನಲ್ಲಿ ಹೊತ್ತು ಜಾರಿತು. ಹಿಂದಿನ ಎರಡು ದಿನ ಮೋಡ ಕವಿದಿತ್ತು. ಬ್ಯಾಟರಿಯಲ್ಲಿ ಮೊದಲೇ ಜೀವವಿರಲಿಲ್ಲ. ಒಂದೂವರೆಗೆ ಮೆಷಿನ್ನು ನಿಂತಿತು. ಫ್ಯಾನು ನಿಂತಿತು. ಅಪ್ಪನ ಕೋಣೆಯಿಂದ ಬರುತ್ತಿದ್ದ ಯಂತ್ರದ ಗುಂಯ್ ಶಬ್ದವೂ ನಿಂತಿತು.

"ಮಾವನಿಗೆ ಉಸಿರು ಸಿಗ್ತಿಲ್ಲ! ಗುಬ್ಬಿ, ಬಾರೇ!"

ಗುಬ್ಬಿ ಓಡಿದಳು. ಅಪ್ಪನ ಕಡೆಗಲ್ಲ. ತಾರಸಿಗೆ.

ಬಟ್ಟೆಯನ್ನು ಕಿತ್ತು ನೀರಿನ ತೊಟ್ಟಿಯ ಹಿಂದೆ ತುರುಕಿ ಇಳಿಯುವಷ್ಟರಲ್ಲಿ ಅತ್ತಿಗೆ ಒಬ್ಬಳೇ ಅಪ್ಪನನ್ನು ಬಾಗಿಲವರೆಗೆ ಎಳೆದು ತಂದಿದ್ದಳು. ಅಪ್ಪನ ತುಟಿ ಶಾಯಿ ಮೆತ್ತಿದಂತೆ ನೀಲಿಯಾಗಿತ್ತು. ಕಣ್ಣು ತೆರೆದೇ ಇತ್ತು. ಅವಳನ್ನೇ ನೋಡುತ್ತಿತ್ತು.

ಜೀವ ಉಳಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪನಿಗೆ ಎರಡು ಮಾತಿಗಿಂತ ಹೆಚ್ಚು ಒಟ್ಟಿಗೆ ಆಡಲಾಗುತ್ತಿರಲಿಲ್ಲ.

ಅತ್ತಿಗೆ ಅಂಗಡಿಯ ಮಾಲೀಕನನ್ನೂ ಅವನನ್ನೂ ಮನೆಗೇ ಕರೆಸಿದಳು. ಬೀದಿಯ ಅರ್ಧ ಜನ ಬಾಗಿಲಲ್ಲಿದ್ದರು.

"ನಾಲ್ಕು ಕಂಪ್ಲೇಂಟು ಒಂದೇ ಮನೆಯಿಂದ," ಎಂದ ಮಾಲೀಕ. "ಹೇಳಪ್ಪ. ಏನು ತಪ್ಪಾಯ್ತು?"

ಅವನು ಫೋನ್ ತೆಗೆದ. ಪ್ಯಾನಲುಗಳು ಗಂಟೆಗಂಟೆಗೂ ಎಷ್ಟು ಕೊಟ್ಟವು ಎಂಬ ಗೆರೆ ಅದರಲ್ಲಿತ್ತು. ನಾಲ್ಕು ದಿನದ ಗೆರೆಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಕಣ್ಣೆತ್ತಿ ಗುಬ್ಬಿಯನ್ನು ನೋಡಿದ.

'ಗೊತ್ತಾಗಿದೆ... ಹೇಳಿಬಿಡ್ತಾನೆ...'

ಅವನು ಫೋನನ್ನು ಜೇಬಿಗಿಟ್ಟುಕೊಂಡ.

"ಜೋಡಣೆ ಸಡಿಲ ಇತ್ತು. ನನ್ನದೇ ತಪ್ಪು."

"ಹಾಗಾದ್ರೆ ಅವರ ಕಾಲು ಹಿಡ್ಕೋ," ಎಂದಳು ಅತ್ತಿಗೆ. "ಕೊಲ್ಲೋಕೆ ಬಂದಿದ್ದೆ ಅಂತ ಹೇಳಿ ಹಿಡ್ಕೋ."

ಅವನು ಮೊಣಕಾಲೂರಿ ಅಪ್ಪನ ಪಾದ ಹಿಡಿದ. ಅತ್ತಿಗೆ ಹೇಳಿಸಿದ ಮಾತನ್ನು ಅಕ್ಷರ ಬಿಡದೆ ಹೇಳಿದ. ಗುಬ್ಬಿ ಮೂರು ಹೆಜ್ಜೆ ದೂರದಲ್ಲಿದ್ದಳು. ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅಂದೇ ಅವನ ಕೆಲಸ ಹೋಯಿತು.

ಹನ್ನೆರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಹದಿಮೂರನೆಯ ದಿನ ಅವನಿದ್ದ ಜಾಗ ವಿಚಾರಿಸಿಕೊಂಡು ಹೋದಳು. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ಡು. ಅವನ ಬೆರಳ ತುದಿಗಳು ಆಮ್ಲಕ್ಕೆ ಸುಲಿದು ಬೆಳ್ಳಗಾಗಿದ್ದವು.

"ನಾನೇ ಮಾಡಿದ್ದು," ಎಂದಳು. "ಬಟ್ಟೆ ಹೊದಿಸ್ತಿದ್ದೆ."

"ಗೊತ್ತು." ಅವನು ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ. "ಮೋಡದ ನೆರಳು ಬರುತ್ತೆ ಹೋಗುತ್ತೆ, ಗೋಡೆ ನೆರಳು ಮೆಲ್ಲಗೆ ತೆವಳುತ್ತೆ. ಹನ್ನೊಂದು ಗಂಟೆಗೆ ಕತ್ತಿಯಲ್ಲಿ ಕಡಿದ ಹಾಗೆ ಬೀಳೋದು ಮನುಷ್ಯರ ನೆರಳು ಮಾತ್ರ. ಎರಡನೇ ಸಲಕ್ಕೇ ಗೊತ್ತಾಯ್ತು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ನನ್ನ ಮುಖ ಕಂಡ್ರೆ ನಿಮಗೆ ಅಸಹ್ಯ, ಕೆಲಸದಿಂದ ತೆಗೆಸಬೇಕು ಅಂತಿದೀರ ಅಂದ್ಕೊಂಡೆ. ಅಷ್ಟು ಬೇಕಾಗಿದ್ರೆ ತಗೊಳ್ಳಲಿ ಅಂತ ಕೊಟ್ಟೆ."

"ಓಡಿಸೋಕಲ್ಲ..." ಅವಳ ದನಿ ಒಡೆಯಿತು. "ಕರೆಸೋಕೆ. ಬೇರೆ ದಾರಿ ಗೊತ್ತಿರಲಿಲ್ಲ."

ಅವನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಒಂದು ಕ್ಷಣ ಅವನ ಮುಖ ಮಗುವಿನದಂತೆ ಬಯಲಾಯಿತು. ಮರುಕ್ಷಣವೇ ಕಲ್ಲಾಯಿತು.

"ಅವತ್ತು ಒಂದೂವರೆಗೆ ಗೆರೆ ಸರ್ರನೆ ಮೇಲೆದ್ದಿತ್ತು. ನಿಮ್ಮಪ್ಪನ ಉಸಿರು ನಿಲ್ತಿದ್ದಾಗ ಎಲ್ಲಿಗೆ ಓಡಿದ್ರಿ?"

ಗುಬ್ಬಿ ತಲೆ ತಗ್ಗಿಸಿದಳು.

"ಪ್ರೀತಿ ಅಂತೀರ ಇದಕ್ಕೆ? ಹೋಗಿ. ನನ್ನ ಹತ್ರ ಅತ್ರೆ ಸುಲಭವಾಗುತ್ತೆ. ಅವರ ಮುಂದೆ ಹೇಳಿ. ಅದೇ ಬೀದಿ ಮುಂದೆ."

ಹೇಳಿದಳು. ಸಂಜೆ ಐದಕ್ಕೆ, ಬಾಗಿಲು ತೆರೆದಿಟ್ಟು, ಮಾಲೀಕನನ್ನೂ ಕರೆಸಿ. ಬಟ್ಟೆ, ಕಲ್ಲು, ತಾರಸಿ, ಎಲ್ಲವನ್ನೂ. ಅತ್ತಿಗೆ ಕೆನ್ನೆಗೆ ಬಾರಿಸಿದಳು. "ಗಂಡಿನ ಚಟಕ್ಕೆ ಹೆತ್ತ ತಂದೆಯನ್ನೇ ಬಲಿ ಕೊಡ್ತಿದ್ದೆಯಲ್ಲೇ," ಎಂದದ್ದು ಬೀದಿ ತುದಿಗೂ ಕೇಳಿಸಿತು. ಹೊಲಿಯಲು ಬಟ್ಟೆ ಕೊಟ್ಟಿದ್ದವರು ಒಬ್ಬೊಬ್ಬರಾಗಿ ಬಂದು ಕತ್ತರಿಸದ ತಾನುಗಳನ್ನು ವಾಪಸು ಒಯ್ದರು.

ಅದೆಲ್ಲ ಸಹಿಸಬಹುದಿತ್ತು. ಅಪ್ಪ ಮಾತ್ರ ಒಂದೂ ಮಾತಾಡದೆ ಗೋಡೆಯತ್ತ ಹೊರಳಿದರು. ಮಾತ್ರೆ ಕೊಟ್ಟರೆ ನುಂಗುತ್ತಿದ್ದರು. ಬೆನ್ನು ತಟ್ಟಿದರೆ ತಟ್ಟಿಸಿಕೊಳ್ಳುತ್ತಿದ್ದರು. 'ಗುಬ್ಬಿ' ಎಂದು ಕರೆಯುತ್ತಿದ್ದ ಅವರ ನಾಲಿಗೆಯಿಂದ ಆ ಹೆಸರೇ ಅಳಿಸಿಹೋಗಿತ್ತು.

ಮಾಲೀಕ ಅವನನ್ನು ಮತ್ತೆ ಕೆಲಸಕ್ಕೆ ಕರೆದನಂತೆ. ಅವನು ಹೋದನಂತೆ. ಅವಳಿಗೆ ತಲುಪಿದ ಸುದ್ದಿ ಅಷ್ಟೇ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ಅವನು ನಿಂತಿದ್ದ. ಚೀಲವಿಲ್ಲ, ಮೀಟರಿಲ್ಲ.

"ಯಾರದು?" ಅಪ್ಪನ ಕ್ಷೀಣ ದನಿ. ಅವನು ಬಾಗಿಲಿಂದಲೇ ಕೋಣೆಯತ್ತ ಇಣುಕಿದ. ಅಪ್ಪ ಗುರುತು ಹಿಡಿದರು. "ಓ... ಏಜೆಂಟ್ರು. ನಿಮ್ಮ ಕೈಲಿ... ಕಾಲು ಹಿಡಿಸಿದ್ವಿ. ತಪ್ಪಾಯ್ತು."

"ಬಿಡಿ ಯಜಮಾನರೇ."

ಅಪ್ಪ ಕೈಯಾಡಿಸಿ ಅವನನ್ನು ಕೂರಲು ಹೇಳಿದರು. ಮಗಳತ್ತ ನೋಡಲಿಲ್ಲ. ಅವನು ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತ. ಗುಬ್ಬಿ ಅಲ್ಲೇ ಗೋಡೆಗೊರಗಿದ್ದಳು. ಕಣ್ಣ ಕೆಳಗೆ ಕಪ್ಪು, ಕೊರಳ ಮೂಳೆ ಎದ್ದಿತ್ತು.

"ಅವರು ನಿಮ್ಮ ಜೊತೆ ಮಾತಾಡಲ್ವಾ?"

"ಇಲ್ಲ."

"ಆಡ್ತಾರಾ ಮುಂದೆ?"

"ಗೊತ್ತಿಲ್ಲ. ಆಡದಿದ್ರೂ ನಾನು ಅವರನ್ನ ನೋಡ್ಕೋತೀನಿ. ನನ್ನನ್ನ ಕ್ಷಮಿಸಿ ಅಂತ ನಿಮ್ಮನ್ನೂ ಕೇಳಲ್ಲ."

"ಕ್ಷಮಿಸೋಕೆ ಬಂದಿಲ್ಲ." ಅವನು ತನ್ನ ಸುಲಿದ ಬೆರಳುಗಳನ್ನು ನೋಡಿಕೊಂಡ. "ಒಂದು ತಿಂಗಳು ಪ್ರಯತ್ನಪಟ್ಟೆ. ನಿಮ್ಮನ್ನ ದ್ವೇಷಿಸೋದು ಬೆಳಿಗ್ಗೆ ಚೆನ್ನಾಗೇ ನಡೆಯುತ್ತೆ. ಮಧ್ಯಾಹ್ನ ಆಗ್ತಿದ್ದ ಹಾಗೆ ಕೆಟ್ಟು ನಿಲ್ಲುತ್ತೆ."

ಗುಬ್ಬಿಗೆ ಅಳು ಬಂತು. ಅವನು ಸಮಾಧಾನ ಮಾಡಲಿಲ್ಲ. ಅಳಲು ಬಿಟ್ಟ. ಅಳು ತೀರುವವರೆಗೂ ಅಲ್ಲೇ ನಿಂತಿದ್ದ.

"ಇನ್ನೊಂದು ಸಲ ನಾನು ಬರಬೇಕು ಅನ್ನಿಸಿದ್ರೆ ಏನ್ಮಾಡ್ತೀರಿ?"

"ಕರೀತೀನಿ."

"ಹೇಗೆ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಈವರೆಗೆ ಅವನನ್ನು ಅವಳು 'ನೀವು' ಎಂದೇ ಮಾತಾಡಿಸಿದ್ದಳು.

"ಬಾ," ಎಂದಳು. "ಹೀಗೆ."

"ಇನ್ನೊಂದು ಸಲ ಹೇಳು."

"ಬಾ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.