ಮರೆತು ಬಂದ ಬ್ಯಾಡ್ಜ್

ಮೀಟರ್ ಸಾಹೇಬರು ಅನ್ನೋದು ಅವನ ಹೆಸರಲ್ಲ, ಕೈಯಲ್ಲಿ ಹಿಡಿದ ಸಾಮಾನಿನಿಂದ ಅಂಟಿಕೊಂಡದ್ದು. ಆ ಪ್ರಯೋಗಾಲಯದಲ್ಲಿ ವಿಕಿರಣ ಸುರಕ್ಷತೆಯ ಅಧಿಕಾರಿ ಅವನು. ಬೆಳಗಾದರೆ ಸಾಕು, ಕಿರಣ ಅಳೆಯುವ ಮೀಟರ್ ಹಿಡಿದು ಗೋಡೆ, ಬಾಗಿಲು, ಮೂಲೆ ಒಂದನ್ನೂ ಬಿಡದೆ ನೋಡಿಕೊಂಡು ಬರುತ್ತಿದ್ದ. ಊರಿಗೆಲ್ಲ ಮೀಟರ್ ಹಿಡಿಯುವ ಮನುಷ್ಯನಿಗೆ ಒಂದು ಹುಡುಗಿ ಮುಂದೆ ನಿಂತು ಎರಡು ಮಾತಾಡುವ ಮೀಟರ್ ಇಲ್ಲ ಅಂತ ಪ್ಯಾಕಿಂಗ್ ರೂಮಿನ ಹೆಂಗಸರು ನಗುತ್ತಿದ್ದರು. ನಗಲಿ ಬಿಡಿ, ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಹುಡುಗಿ ಮಹಡಿಯವಳು. ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಡಾಕ್ಟರೇಟ್ ಮಾಡಿದ್ದಕ್ಕೆ ಎಲ್ಲರ ಬಾಯಲ್ಲೂ ಡಾಕ್ಟ್ರಮ್ಮ. ಗೇಟಿನ ಕಾವಲುಗಾರ ಕೆಮ್ಮು ಬಂದಾಗೆಲ್ಲ ಅವಳ ಹತ್ತಿರ ಮಾತ್ರೆ ಕೇಳಿಕೊಂಡು ಬರುತ್ತಿದ್ದ. ನಾನು ಮಣ್ಣಿನ ಡಾಕ್ಟರು ಕಣಪ್ಪಾ ಅಂತ ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ.

ಕಾಳಿನ ಗಿಡಗಳ ಬೇರಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವಲ್ಲ, ಅದರೊಳಗೆ ಕೂತ ಬ್ಯಾಕ್ಟೀರಿಯಾ ಗಾಳಿಯಲ್ಲಿರುವ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತವೆ. ಅವನ್ನು ಕಪ್ಪು ಪುಡಿಮಣ್ಣಿಗೆ ಸೇರಿಸಿ ಪ್ಯಾಕೆಟ್ ಮಾಡಿ ರೈತರಿಗೆ ಕೊಡುವುದು ಅಲ್ಲಿನ ಕೆಲಸ. ಮೊದಲು ಆ ಮಣ್ಣಲ್ಲಿ ಬೇರೆ ಯಾವ ಜೀವಿಯೂ ಉಳಿಯಬಾರದು. ಅದಕ್ಕೇ ಮಣ್ಣಿನ ಪ್ಯಾಕೆಟ್ಟುಗಳನ್ನು ರಟ್ಟಿನ ಡಬ್ಬಗಳಲ್ಲಿ ತುಂಬಿ, ಕೆಳಗಿರುವ ದಪ್ಪ ಗೋಡೆಯ ಕೋಣೆಗೆ ಕಳಿಸಿ ಗಾಮಾ ಕಿರಣ ಹಾಯಿಸುತ್ತಿದ್ದರು. ಆಮೇಲೆ ಅದರೊಳಗೆ ಬ್ಯಾಕ್ಟೀರಿಯಾ ಸೇರಿಸುವುದು.

ಕಷ್ಟ ಇದ್ದದ್ದು ಆಮೇಲೆ. ಅಂಗಡಿಯ ಸೆಖೆಗೆ ಪ್ಯಾಕೆಟ್ಟಿನೊಳಗಿನ ಬ್ಯಾಕ್ಟೀರಿಯಾ ಸತ್ತುಹೋಗುತ್ತಿದ್ದವು. ಡಾಕ್ಟ್ರಮ್ಮ ಆ ಬ್ಯಾಕ್ಟೀರಿಯಾಗಳಿಗೇ ಕಿರಣ ಕೊಟ್ಟು, ಮುಕ್ಕಾಲುಪಾಲು ಸತ್ತಮೇಲೆ ಉಳಿದವುಗಳಲ್ಲಿ ಹುಡುಕಿ ಹುಡುಕಿ, ಸೆಖೆಗೆ ಜಗ್ಗದ ಒಂದು ತಳಿಯನ್ನು ಹಿಡಿದಿದ್ದಳು. ವರ್ಷಗಟ್ಟಲೆ ಅದರ ಹಿಂದೆ ಬಿದ್ದು ಕಣ್ಣ ಸುತ್ತ ಕಪ್ಪಾಗಿತ್ತು. ಈ ಸಲದ ಬಿತ್ತನೆಗೆ ಅದು ಹೊಲಕ್ಕೆ ಇಳಿಯಬೇಕು, ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಇನ್ನು ಬ್ಯಾಡ್ಜಿನ ವಿಷಯ. ಕೆಳಗೆ ಇಳಿಯುವವರೆಲ್ಲ ಎದೆಯ ಮೇಲೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳಲೇಬೇಕು. ಮೈಗೆ ಎಷ್ಟು ಕಿರಣ ತಾಗಿತು ಅನ್ನುವುದನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಆಗಾಗ ಅವನ್ನೆಲ್ಲ ಹೊರಗಿನ ಲ್ಯಾಬಿಗೆ ಕಳಿಸಿ ಓದಿಸುತ್ತಾರೆ.

ಮೊದಲ ಸಲ ಅವಳು ಬ್ಯಾಡ್ಜನ್ನು ಪ್ಯಾಕಿಂಗ್ ರೂಮಲ್ಲಿ ಬಿಟ್ಟುಬಂದದ್ದು ನಿಜವಾಗಿಯೂ ಮರೆತು. ಅವನೇ ಮೆಟ್ಟಿಲು ಹತ್ತಿ ಬಂದು ಅವಳ ಅಂಗೈಯಲ್ಲಿಟ್ಟ.

"ಬ್ಯಾಡ್ಜ್ ನಮ್ಮನ್ನ ಕಾಪಾಡಲ್ಲ ಡಾಕ್ಟ್ರಮ್ಮ. ನಾಳೆ ಏನಾದ್ರೂ ಆದ್ರೆ ನಮ್ಮ ಪರವಾಗಿ ಸಾಕ್ಷಿ ಹೇಳೋದು ಇದೊಂದೇ."

ಹೀಗಂದವನು ಬ್ಯಾಡ್ಜ್ ಇರಬೇಕಾದ ಜಾಗವನ್ನು ನೋಡಿದ. ತಾನು ನೋಡುತ್ತಿರುವುದು ಎಲ್ಲಿಗೆ ಅಂತ ಹೊಳೆದದ್ದೇ ಕಿವಿ ಕೆಂಪಾಯಿತು. ತಕ್ಷಣ ಪಕ್ಕದ ಸೂಕ್ಷ್ಮದರ್ಶಕದ ಕಡೆ ತಿರುಗಿ, ಅದಕ್ಕೇ ಬುದ್ಧಿ ಹೇಳಲು ಬಂದವನ ಹಾಗೆ ಗಂಭೀರವಾಗಿ ನಿಂತ. ಅವಳು ತುಟಿ ಕಚ್ಚಿಕೊಂಡು ನಗು ತಡೆದಳು. ಅವನು ಇಳಿದು ಹೋದಮೇಲೂ ಅಂಗೈ ಬೆಚ್ಚಗಿದ್ದ ಹಾಗೆ ಅನ್ನಿಸಿತು.

ಆಮೇಲಿನ ಮರೆವೆಲ್ಲ ಬೇಕಂತಲೇ. ಒಂದು ದಿನ ಮೇಜಿನ ಮೇಲೆ, ಇನ್ನೊಂದು ದಿನ ಕಿಟಕಿಯ ಕಟ್ಟೆಯಲ್ಲಿ, ಮತ್ತೊಂದು ದಿನ ಯಾರದೋ ಸ್ಟೂಲಿನ ಮೇಲೆ ಬಿಟ್ಟು ಮಹಡಿ ಹತ್ತುತ್ತಿದ್ದಳು. ಅವನು ತಂದುಕೊಡುತ್ತಿದ್ದ. ಬೈಯುವವನ ಹಾಗೆ ಬಂದು, ಚಹಾ ಆರುವವರೆಗೂ ನಿಂತು, ಗಾಳಿ, ಬೆಳಕು, ಹೊಸ ಬೀಗ ಅಂತ ಏನೇನೋ ಮಾತಾಡಿ ಹೋಗುತ್ತಿದ್ದ. ನಡುವೆ ಅವಸರದ ಕೆಲಸಕ್ಕೆ ಅವಳು ಬ್ಯಾಡ್ಜ್ ಇಲ್ಲದೆಯೇ ಕೆಳಗೆ ಹೋಗಿಬಂದದ್ದೂ ಉಂಟು. ತಪ್ಪು ಅಂತ ಗೊತ್ತಿತ್ತು, ಮನಸ್ಸು ಕೇಳುತ್ತಿರಲಿಲ್ಲ.

ಒಂದು ದಿನ ಮಣ್ಣಿನ ಡಬ್ಬದ ಅಂಟುಪಟ್ಟಿಯ ಕೆಳಗೆ ಬ್ಯಾಡ್ಜ್ ಸಿಕ್ಕಿಸಿ ಬಂದಳು. ಅವನು ಬರಲಿಲ್ಲ. ಸಂಜೆವರೆಗೂ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕೂತದ್ದೇ ಬಂತು. ಮರುದಿನ ನೋಡಿದರೆ ಬ್ಯಾಡ್ಜ್ ಗೋಡೆಯ ಗೂಟದಲ್ಲಿ ತಣ್ಣಗೆ ನೇತಾಡುತ್ತಿತ್ತು. ಸಾಹೇಬರಿಗೆ ಬೇಜಾರಾಗಿರಬೇಕು ಅಂದುಕೊಂಡು ಅವಳೂ ಮುಖ ಊದಿಸಿಕೊಂಡಳು. ಆ ಡಬ್ಬ ಒಳಗೆ ಹೋಗಿ, ತನ್ನ ಸರದಿಗೆ ಕಾಯುತ್ತಾ ಕೋಣೆಯ ಬಾಗಿಲ ತಿರುವಿನಲ್ಲಿ ಕೂತು, ಕಿರಣದ ಎರಚಲು ತಿಂದು, ಅವತ್ತು ಸರದಿ ಬಾರದೆ ಹಾಗೇ ಹೊರಗೆ ಬಂದದ್ದು ಅವಳಿಗೆ ಹೇಗೆ ಗೊತ್ತಾಗಬೇಕು!

ಕೆಲವು ವಾರ ಕಳೆದು ಹೊರಗಿನ ಲ್ಯಾಬಿನಿಂದ ವರದಿ ಬಂತು. ಅವನು ಮೇಲೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಅವಳ ಬ್ಯಾಡ್ಜಿನಲ್ಲಿ, ಒಬ್ಬ ಮನುಷ್ಯನಿಗೆ ವರ್ಷವಿಡೀ ತಾಗಬಹುದಾದದ್ದಕ್ಕಿಂತ ಎಷ್ಟೋ ಹೆಚ್ಚು ಕಿರಣ ದಾಖಲಾಗಿತ್ತು. ತಲೆಸುತ್ತು, ವಾಂತಿ ಏನಾದರೂ ಆಗಿತ್ತಾ ಅಂತ ಕೇಳಿದ. ಒಳಗೆ ಯಾವತ್ತಾದರೂ ಒಬ್ಬಳೇ ಹೋಗಿದ್ದಳಾ ಅಂತ ಕೇಳಿದ. ಇಲ್ಲ ಅಂದಳು.

"ನಾನು ತಂದುಕೊಟ್ಟ ದಿನಗಳನ್ನ ಬಿಟ್ಟರೆ ಬ್ಯಾಡ್ಜ್ ಯಾವಾಗಲೂ ನಿಮ್ಮ ಮೈಮೇಲೇ ಇತ್ತಾ?"

ಡಬ್ಬದ ನೆನಪು ಧಿಗ್ಗನೆ ಬಂತು. ಹೇಳಬೇಕು. ಹೇಳಿದರೆ, ಅಲ್ಲಿ ಯಾಕಿಟ್ಟಿರಿ ಅಂತ ಕೇಳುತ್ತಾನೆ. ಓದಿ ದೊಡ್ಡವಳಾದ ಹೆಂಗಸು ಅದಕ್ಕೆ ಏನಂತ ಹೇಳುವುದು?

"ಇತ್ತು," ಅಂದಳು.

ಆ ಒಂದು ಮಾತಿಗೆ ಇಡೀ ಕಟ್ಟಡ ನಿಂತುಹೋಯಿತು. ಬ್ಯಾಡ್ಜ್ ಮೈಮೇಲಿದ್ದದ್ದು ನಿಜವಾದರೆ ಗೋಡೆಯಲ್ಲೋ ಬಾಗಿಲಲ್ಲೋ ಎಲ್ಲೋ ಕಿರಣ ಸೋರುತ್ತಿರಬೇಕು. ಸೋರುವುದು ಸಿಗುವವರೆಗೂ ಯಾರೂ ಒಳಗೆ ಹೋಗುವ ಹಾಗಿಲ್ಲ, ಒಂದು ಪ್ಯಾಕೆಟ್ಟೂ ಹಾಯುವ ಹಾಗಿಲ್ಲ. ಅವನೇ ಕೋಣೆಗೆ ಬೀಗ ಹಾಕಿಸಿದ. ಡಾಕ್ಟ್ರಮ್ಮನ ಮಣ್ಣಿನ ಡಬ್ಬಗಳು ಹೊರಗೆ ಸಾಲಾಗಿ ಕೂತವು. ಬಿತ್ತನೆ ದಿನದಿನಕ್ಕೂ ಹತ್ತಿರ ಬರುತ್ತಿತ್ತು.

ರಕ್ತ ಪರೀಕ್ಷೆಗೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಅವನೇ. ಜೀವಕೋಶಗಳಿಗೆ ಪೆಟ್ಟು ಬಿದ್ದಿದ್ದರೆ ರಕ್ತದಲ್ಲಿ ಗೊತ್ತಾಗುತ್ತದೆ, ಆದರೆ ಉತ್ತರಕ್ಕೆ ಕಾಯಬೇಕು. ಮೊಣಕೈ ಮಡಿಸಿ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಾಗ ಅವನು ಮೊದಲ ಸಲ ತನ್ನ ಮನೆಯ ಮಾತು ತೆಗೆದ. ಅವನ ಸೋದರಮಾವ ಕೊಳವೆಗಳ ಬೆಸುಗೆಯನ್ನು ಕಿರಣ ಹಾಯಿಸಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರಂತೆ. ಒಂದು ದಿನ ಸೆಖೆ ಅಂತ ಬ್ಯಾಡ್ಜ್ ಸಿಕ್ಕಿಸಿದ್ದ ಅಂಗಿ ಬಿಚ್ಚಿಟ್ಟರು. ಅವತ್ತೇ ಎಡವಟ್ಟಾಯಿತು. ಬೆರಳು ಸುಟ್ಟು, ಕೊನೆಗೆ ಕತ್ತರಿಸಬೇಕಾಯಿತು. ಅಂಗಿ ಎಲ್ಲೋ ದೂರದಲ್ಲಿತ್ತಲ್ಲ, ಬ್ಯಾಡ್ಜಿನಲ್ಲಿ ಏನೂ ಇರಲಿಲ್ಲ. ಇದು ಕೆಲಸದಿಂದ ಆದದ್ದೇ ಅಲ್ಲ ಅಂದುಬಿಟ್ಟರು.

"ಮಾವ ಸುಳ್ಳುಗಾರ ಆಗಿಬಿಟ್ರು," ಅಂದ. "ಬೆರಳು ಹೋಗಿದ್ದಕ್ಕಿಂತ ಅದಕ್ಕೇ ಜಾಸ್ತಿ ಅತ್ತಿದ್ದು ಅವರು. ನಿಮ್ಮ ಬ್ಯಾಡ್ಜ್ ನಿಮ್ಮ ಮೈಮೇಲಿತ್ತು. ನಿಮ್ಮ ಮಾತು ಯಾರೂ ಅಲ್ಲಗಳೆಯೋಕೆ ನಾನು ಬಿಡಲ್ಲ."

ಹೇಳಿಬಿಡೋಣ ಅಂದುಕೊಂಡವಳು ಹತ್ತಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡು ಎದ್ದು ನಿಂತಳು.

ಅವನು ಊಟ ನಿದ್ದೆ ಬಿಟ್ಟು ಸೋರುವ ಜಾಗ ಹುಡುಕಿದ. ಗೋಡೆಗೆ ಮೀಟರ್ ಹಿಡಿದು ಅಂಗುಲ ಅಂಗುಲ ನೋಡಿದ. ಬಾಗಿಲು ಬಿಚ್ಚಿಸಿದ, ಹಾಕಿಸಿದ, ಮತ್ತೆ ಬಿಚ್ಚಿಸಿದ. ಗಡ್ಡ ಬೆಳೆಯಿತು. ಏನೂ ಸಿಗಲಿಲ್ಲ. ಇಲ್ಲದ್ದು ಎಲ್ಲಿಂದ ಸಿಗಬೇಕು? ಸಾಹೇಬರು ಕೆಲಸ ಬಿಡುತ್ತಾರಂತೆ, ತನ್ನ ಕಣ್ಣೆದುರಿಗೇ ಹೀಗಾಗಿದೆ, ತಾನು ಈ ಕುರ್ಚಿಗೆ ಲಾಯಕ್ಕಲ್ಲ ಅಂತ ದೊಡ್ಡ ಮೇಡಂ ಹತ್ತಿರ ಹೇಳಿದರಂತೆ ಅಂತ ಪ್ಯಾಕಿಂಗ್ ರೂಮಲ್ಲಿ ಮಾತಾಯಿತು. ಈ ಸಲ ಯಾರೂ ನಗಲಿಲ್ಲ.

ಅವತ್ತು ಮನೆಗೆ ಬಂದ ಡಾಕ್ಟ್ರಮ್ಮ ತಟ್ಟೆಯ ಮುಂದೆ ತುತ್ತು ಮುಟ್ಟದೆ ಕೂತಳು. ಈ ಕಿರಣ ಗಿರಣ ಎಲ್ಲ ಬಿಟ್ಟು ಎಲ್ಲಾದರೂ ಪಾಠ ಹೇಳಿಕೊಂಡಿರು, ಆ ಮಣ್ಣು ಮುಟ್ಟಿ ಮುಟ್ಟಿ ನಿನಗೂ ಅಂಟಿರುತ್ತೆ ಅಂತ ಅಮ್ಮ ಶುರುಮಾಡಿದಳು. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಅಂಟಿಕೊಂಡಿರಲ್ಲ, ಇದೂ ಹಾಗೇ ಅಂತ ಮಗಳು ನೂರು ಸಲ ಹೇಳಿದ್ದಾಗಿತ್ತು. ಇವತ್ತು ಅದನ್ನು ಹೇಳುವ ಬದಲು ಅತ್ತುಬಿಟ್ಟಳು. ಎಲ್ಲ ಹೇಳಿಕೊಂಡಳು.

ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿ ಮಗಳ ಎದುರಿಗೆ ಕೂತಳು.

"ಅಲ್ವೇ ಪೆದ್ದಿ, ಹುಡುಗ ತಂದುಕೊಡ್ಲಿ ಅಂತ ಕರ್ಚೀಫ್ ಬೀಳಿಸಿದವರನ್ನ ನೋಡಿದೀನಿ. ಬೀಳಿಸೋಕೆ ನಿನಗೆ ಅದೇ ಸಿಕ್ಕಿತಾ?"

ಆಮೇಲೆ ಅಮ್ಮನ ದನಿ ಇಳಿಯಿತು. "ನಾಚಿಕೆ ಒಂದು ದಿನ ಇರುತ್ತೆ, ಹೋಗುತ್ತೆ. ಆ ಹುಡುಗನ ಕೆಲಸ ಹೋದ್ರೆ ನೀನು ಕನ್ನಡಿ ನೋಡ್ಕೊಳ್ಳೋಕಾಗುತ್ತಾ?"

ಮರುದಿನ ಬೆಳಿಗ್ಗೆ ರಕ್ತದ ಉತ್ತರ ಇನ್ನೂ ಬಂದಿರಲಿಲ್ಲ. ಡಾಕ್ಟ್ರಮ್ಮ ನೆಟ್ಟಗೆ ದೊಡ್ಡ ಮೇಡಂ ಕೋಣೆಗೆ ನಡೆದಳು. ಮೇಡಂ ಅಂದರೆ ಆ ಜಾಗದ ಮುಖ್ಯಸ್ಥೆ, ಕಡಿಮೆ ಮಾತಿನ ಹೆಂಗಸು. ಅವನೂ ಅಲ್ಲೇ ಇದ್ದ, ಬೆಳೆದ ಗಡ್ಡ, ಕೆಂಪು ಕಣ್ಣು. ಎದ್ದು ಕುರ್ಚಿ ಸರಿಸಿಕೊಟ್ಟ. ಅವಳು ಕೂರಲಿಲ್ಲ.

ಎಲ್ಲೂ ಸೋರುತ್ತಿಲ್ಲ ಅಂದಳು. ಬ್ಯಾಡ್ಜ್ ತನ್ನ ಮೈಮೇಲಿರಲಿಲ್ಲ, ಡಬ್ಬದ ಮೇಲಿತ್ತು, ಡಬ್ಬದ ಜೊತೆ ಒಳಗೆ ಹೋಗಿರಬೇಕು, ತಾನು ಸುಳ್ಳು ಹೇಳಿದೆ ಅಂದಳು. ಮೇಡಂ ಪ್ಯಾಕಿಂಗ್ ರೂಮಿನವರನ್ನು ಫೋನಿನಲ್ಲೇ ವಿಚಾರಿಸಿದರು. ಹೌದು, ಡಬ್ಬ ಹೊರಗೆ ಬಂದಾಗ ಯಾರದೋ ಬ್ಯಾಡ್ಜ್ ಕೆಳಗೆ ಬಿದ್ದಿತ್ತು, ಎತ್ತಿ ಗೂಟಕ್ಕೆ ಹಾಕಿದೆ, ಯಾರೂ ಕೇಳಲಿಲ್ಲ ಅಂತ ನಾನೂ ಹೇಳಲಿಲ್ಲ ಅಂತ ಅಲ್ಲಿನ ಹಿರಿಯ ಹೆಂಗಸು ಒಪ್ಪಿಕೊಂಡಳು.

"ಡಬ್ಬದ ಮೇಲೆ ಯಾಕಿಟ್ರಿ?" ಮೇಡಂ ಕೇಳಿದರು.

ಕಿಟಕಿಯ ಹೊರಗೆ ಯಾರೋ ಗಾಡಿಗೆ ಮೂಟೆ ಏರಿಸುತ್ತಿದ್ದರು. ಅವಳು ಆ ಕಡೆ ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ. ಅವನ ಮುಖವನ್ನೇ ನೋಡಿ ಹೇಳಿದಳು.

"ಇವರು ಮೇಲೆ ತಂದುಕೊಡ್ತಾರೆ ಅಂತ."

ಅವನು ಮೇಜಿನ ಅಂಚು ಹಿಡಿದು ನಿಧಾನವಾಗಿ ಕೂತ. ಮೊದಲು ಉಸಿರು ಬಿಟ್ಟ, ಎಷ್ಟೋ ದಿನದಿಂದ ಕಟ್ಟಿಟ್ಟ ಉಸಿರು. ಹಾಗಾದರೆ ಅವಳಿಗೆ ಏನೂ ಆಗಿಲ್ಲ. ಅವನ ಕಣ್ಣು ತುಂಬಿತು. ಆ ನೆಮ್ಮದಿಯ ಬೆನ್ನಿಗೇ ಸಿಟ್ಟು ಬಂತು.

"ತಮಾಷೆ ಅಂದುಕೊಂಡ್ಯಾ? ಬ್ಯಾಡ್ಜ್ ಇಲ್ಲದ ಒಂದು ದಿನ ನಿಜವಾಗ್ಲೂ ಏನಾದ್ರೂ ಆಗಿದ್ರೆ? ಯಾರಿಗೆ ಗೊತ್ತಾಗ್ತಿತ್ತು? ನಿನಗೆ ಏನಾದ್ರೂ ಆಗಿದ್ರೆ ನಾನೇನು ಮಾಡಬೇಕಿತ್ತು?"

ಚಹಾ ತರುವವನಿಗೂ ಬಹುವಚನವೇ ಕೊಡುವ ಮನುಷ್ಯ, ಮೇಡಂ ಎದುರಿಗೆ, ಕಚೇರಿಯಲ್ಲಿ, 'ನಿನಗೆ' ಅಂದುಬಿಟ್ಟಿದ್ದ. ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ತಾನು ಏನಂದೆ ಅಂತ ಅವನಿಗೂ ಆಗಲೇ ಕೇಳಿಸಿರಬೇಕು. ಆದರೆ ತಿದ್ದಿಕೊಳ್ಳಲಿಲ್ಲ. ಎದ್ದು ಮೇಡಂ ಕಡೆ ತಿರುಗಿ ನಿಂತ.

"ತಪ್ಪು ನನ್ನದೂ ಇದೆ ಮೇಡಂ. ಇವರು ಬೇಕಂತ ಮರೆಯೋದು ನನಗೆ ಮೊದಲಿನಿಂದ್ಲೂ ಗೊತ್ತಿತ್ತು. ನಿಮಗೆ ಬರೆದು ಕಳಿಸಬೇಕಿತ್ತು. ಕಳಿಸಿದ್ರೆ ಮರೆಯೋದು ನಿಲ್ಲಿಸಿಬಿಡ್ತಾರೆ ಅಂತ ಕಳಿಸಲಿಲ್ಲ."

ಡಾಕ್ಟ್ರಮ್ಮನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಮೇಡಂಗೂ ಕೇಳಿಸುತ್ತದೇನೋ ಅನ್ನಿಸಿತು.

ಮೇಡಂ ಕನ್ನಡಕ ಹಾಕಿಕೊಂಡು ತೀರ್ಪು ಹೇಳಿದರು. ಕೋಣೆಯ ಬೀಗ ಇವತ್ತೇ ತೆಗೆಯಲಿ, ಡಬ್ಬಗಳು ಹೋಗಲಿ, ಬಿತ್ತನೆ ತಪ್ಪಬಾರದು. ಆದರೆ ಈ ಬೆಳೆ ಮುಗಿಯುವವರೆಗೆ ಡಾಕ್ಟ್ರಮ್ಮ ಕೆಳಗೆ ಕಾಲಿಡುವ ಹಾಗಿಲ್ಲ. ಕಿರಣದ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕು. ಅಧಿಕಾರಿಯ ತಪ್ಪನ್ನೂ ಮೇಲಿನವರಿಗೆ ಬರೆಯುತ್ತೇನೆ, ಇನ್ನು ಮುಂದೆ ಇವಳ ಸುರಕ್ಷತೆಯ ಲೆಕ್ಕವನ್ನು ಇನ್ನೊಬ್ಬರು ನೋಡುತ್ತಾರೆ. ಯಾಕೆ ಅಂತ ನಾನು ಬಾಯಿಬಿಟ್ಟು ಹೇಳಬೇಕಿಲ್ಲ ಅಂದುಕೊಂಡಿದ್ದೇನೆ ಅಂದರು. ಸಿಟ್ಟಿನಲ್ಲೇ ಅಂದರೂ ಬಾಯಿಯ ಕೊನೆ ಸ್ವಲ್ಪ ಮೇಲೆದ್ದಿತ್ತು.

ಇಬ್ಬರೂ ಹೊರಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತರು. ವರ್ಷಗಟ್ಟಲೆ ಸಾಕಿದ ತಳಿಯ ಕೊನೆಯ ಕೆಲಸ ಬೇರೆಯವರ ಕೈಗೆ ಹೋಯಿತು. ಅವಳಿಗೆ ದುಃಖ ಉಕ್ಕಿ ಬಂತು. ತಾನೇ ಮಾಡಿಕೊಂಡದ್ದು, ಯಾರ ಮೇಲೆ ಹಾಕುವುದು? ಅವನು ಜೇಬಿಗೆ ಕೈ ಹಾಕಿದ, ತೆಗೆದ, ಮತ್ತೆ ಹಾಕಿದ. ರೆಪ್ಪೆ ಎತ್ತಿ ಅವಳನ್ನು ನೋಡಿದ. ಈ ಸಲ ಸೂಕ್ಷ್ಮದರ್ಶಕ ಹತ್ತಿರದಲ್ಲಿರಲಿಲ್ಲ, ಕಣ್ಣು ತಪ್ಪಿಸಲು ಬೇರೆ ಜಾಗವೂ ಇರಲಿಲ್ಲ. ಕಿವಿ ಕೆಂಪಾಯಿತು, ಆದರೂ ನೋಡುತ್ತಲೇ ಇದ್ದ.

"ನಾನಿನ್ನು ಕೆಳಗೆ ಬರೋ ಹಾಗಿಲ್ಲ," ಅಂದಳು. ದನಿ ಒಡೆದಿತ್ತು.

"ನಾನು ಮೇಲೆ ಬರಬಹುದಲ್ಲ."

"ಯಾವ ನೆಪ ಹೇಳಿಕೊಂಡು?"

"ನೆಪ ಯಾಕೆ? ನಿನ್ನ ನೋಡೋಕೆ. ಬರಲಾ?"

ಬನ್ನಿ ಅನ್ನಬೇಕಿತ್ತು. ಇಷ್ಟು ದಿನ ಹಾಗೇ ಅಂದಿದ್ದಳು. ಅವಳು ಕಣ್ಣೊರೆಸಿಕೊಂಡು ಎರಡು ಮೆಟ್ಟಿಲು ಹತ್ತಿ, ತಿರುಗಿ ನಿಂತಳು.

"ಬಾ," ಅಂದಳು.