ಅಡವಿಯ ಬಿಳಿ ಚುಕ್ಕೆ

“ಫಕ್ಕೀರವ್ವಾ, ಇವತ್ತ ವಿಮಾನ ಬರ್ತದ, ಇದನ್ನ ಅಲುಗಾಡಿಸಬ್ಯಾಡ. ದನಾ ಬಂದ್ರ ಓಡಸು,” ಎಂದರು ಸರ್ವೆಗೆ ಬಂದಿದ್ದ ಪ್ರಾಣೇಶ ಸರ್.

ಕಾಡಿನ ನಡುವಿನ ಬಯಲಲ್ಲಿ ಮೂರು ತಗಡುಗಳನ್ನು ಗೋಡೆಯ ಮೂಲೆಯಂತೆ ಜೋಡಿಸಿ, ಬಾಯಿ ಆಕಾಶಕ್ಕೆ ಮಾಡಿ ಇಟ್ಟಿದ್ದರು. ವಿಮಾನದಲ್ಲಿ ರಾಡಾರ್ ಎಂಬ ಯಂತ್ರ ಇದೆಯಂತೆ. ಅದು ಕಾಡಿನ ಫೋಟೋ ತೆಗೆದರೆ ಈ ತಗಡು ಬಿಳಿ ಚುಕ್ಕೆಯಾಗಿ ಹೊಳೆಯುತ್ತದಂತೆ. ಆ ಗುರುತು ಹಿಡಿದು ಸಾಗವಾನಿ ಎಲ್ಲಿದೆ, ಬಿದಿರು ಎಲ್ಲಿದೆ ಎಂದು ಹೇಳಬಹುದಂತೆ.

“ಆ ಚುಕ್ಕಿ ಅಂದ್ರ ನಾನ ಏನ್ರಿ?”

“ಹೂಂ, ನೀನ!” ಸರ್ ನಗುತ್ತ ಜೀಪು ಹತ್ತಿದರು.

ಫಕ್ಕೀರವ್ವನ ಅಪ್ಪ ಫಾರೆಸ್ಟ್ ಗಾರ್ಡ್. ಹಂಸಭಾವಿಯಿಂದ ಹಾನಗಲ್ಲಿನ ಈ ಕಾಡಿಗೆ ವರ್ಗವಾಗಿ ಬಂದ ಮೇಲೆ ಅವಳ ಜೊತೆ ಆಡಲು ಯಾರೂ ಇರಲಿಲ್ಲ. “ನಿಮ್ಮ ಕಡೆ ಮಂಗ್ಯಾ ಬಿಟ್ರ ಯಾರದಾರ?” ಎಂದು ಶಾಲೆಯಲ್ಲಿ ಭರಮಪ್ಪ ಅಣಕಿಸಿದ್ದ. ಅವನಿಗೆ ಆ ಚುಕ್ಕೆಯನ್ನು ತೋರಿಸಲೇಬೇಕು.

ಮಧ್ಯಾಹ್ನ ಮೋಡ ಕವಿದು ಮಳೆ ಹಿಡಿಯಿತು. ಇಂಥ ಮೋಡದಲ್ಲಿ ಫೋಟೋ ಎಲ್ಲಿ ಬರುತ್ತದೆ? ಇವತ್ತು ವಿಮಾನ ಬರುವುದಿಲ್ಲ ಎಂದುಕೊಂಡಳು. ತಗಡನ್ನು ಮಗುಚಿ ಅದರಡಿ ತೂರಿ ಕೂತಳು.

ಮೋಡದ ಮೇಲೆ ಗುಂಯ್ ಎಂದಿತು.

ಅವಳು ಗಾಬರಿಯಿಂದ ತಗಡನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಸದ್ದು ದಾಟಿ ಹೋಗಿತ್ತು.

ದೀಪಾವಳಿಯ ಹೊತ್ತಿಗೆ ಸರ್ ಫೋಟೋ ತಂದರು. ಕಪ್ಪು, ಬೂದಿ, ಮತ್ತೆ ಬೂದಿ.

“ಇಲ್ಲಿ ಚುಕ್ಕಿ ಯಾಕ ಬಂದಿಲ್ಲ?” ಸರ್ ಕೇಳಿದರು.

“ನಾನ ತಗಡ ಡಬ್ಬ ಹಾಕಿದ್ನಿರಿ. ಮೋಡ ಇತ್ತಲ್ರಿ...”

“ಅಯ್ಯ ಹುಚ್ಚಿ! ರಾಡಾರಿಗೆ ಮೋಡ ಅಡ್ಡ ಬರೂದಿಲ್ಲ. ಅದಕ್ಕ ಅಲ್ಲೇನು ಅದನ್ನ ತಂದದ್ದು?” ಸರ್ ಬೈಯಲಿಲ್ಲ, ತಲೆ ಕೆರೆದುಕೊಂಡರು. ಅವಳಿಗೆ ಬೈದಿದ್ದರೇ ಚೆನ್ನಾಗಿತ್ತು ಎನಿಸಿತು.

ಫೋಟೋದ ಅಂಚಿನಲ್ಲಿ ಒಂದು ಚುಕ್ಕೆ ಬೆಳ್ಳಗೆ ಹೊಳೆಯುತ್ತಿತ್ತು.

“ಅದು ಯಾರದ್ರಿ?”

“ಅದು ಶಿಗ್ಗಾವಿ ಕಡೆ ಅಡವಿ. ಅಲ್ಲೂ ಇಂಥಾದ್ದ ತಗಡ ಇಟ್ಟಿದ್ವಿ. ಅಲ್ಲಿ ವಾಚರ್‌ನ ಮಗಳೊಬ್ಬಾಕಿ ಇದ್ದಾಳ, ಚಾಂದಬಿ ಅಂತ. ಮಳ್ಯಾಗ ತೊಯ್ಕೋತ ಕಾದಾಳ, ಒಬ್ಬಾಕೇ.”

ಫಕ್ಕೀರವ್ವ ಆ ಚುಕ್ಕೆಯ ಮೇಲೆ ಬೆರಳಿಟ್ಟಳು. ಅಲ್ಲಿಂದ ತನ್ನ ಬಯಲಿನವರೆಗೆ ಮೆಲ್ಲಗೆ ಎಳೆದಳು. ನಡುವೆ ಒಂದು ಗೇಣೂ ಇರಲಿಲ್ಲ.

“ಈ ಫೋಟೋ ಆಕಿಗೂ ತೋರಸ್ತೀರೇನ್ರಿ?”

“ನಾಳೆ ಅಲ್ಲಿಗೇ ಹೊಂಟೇನಿ.”

“ಹಂಗಾರ...” ಅವಳು ಬೂದಿ ಬಣ್ಣದಲ್ಲಿ ಬೆರಳು ಊರಿದಳು. “ಇಲ್ಲಿ ಏನೂ ಕಾಣಂಗಿಲ್ಲ. ಆದ್ರ ನಾ ಅದೇನಿ ಅಂತ ಹೇಳ್ರಿ.”