ಅಕ್ಕನಿಗೆ ಬರುತ್ತಿದ್ದ ಕರೆ

ಸತ್ತವಳಿಗೆ ವಾರಕ್ಕೊಮ್ಮೆ ಫೋನ್ ಬರುತ್ತಿತ್ತು. ಗುರುವಾರ, ಊಟದ ಬಿಡುವಿಗೆ ಸರಿಯಾಗಿ.

"ಮೇಡಂ, ಕಾಲೇಜಿನ ಅಡ್ಮಿಷನ್ ಆಫೀಸಿಂದ. ಸ್ವಂತ ಉದ್ಯಮ ಮಾಡೋ ಡಿಗ್ರಿ ಬಗ್ಗೆ ವಿಚಾರಿಸಿದ್ರಲ್ಲ, ಏನು ಯೋಚನೆ ಮಾಡಿದ್ರಿ?"

ವಿಚಾರಿಸಿದ್ದು ಅಕ್ಕ. ಹೊಲಿಗೆ ಫ್ಯಾಕ್ಟರಿಗೆ ಬೆಂಕಿ ಬಿದ್ದ ದಿನ ಹಿಂಬಾಗಿಲಿಗೆ ಬೀಗ ಹಾಕಿತ್ತು. ಕೆಲಸದವರ ಫೋನುಗಳನ್ನು ಬೆಳಗ್ಗೆಯೇ ಗೇಟಿನಲ್ಲಿ ಕಸಿದಿಟ್ಟುಕೊಳ್ಳುವುದು ಅಲ್ಲಿನ ನಿಯಮ. ಹಾಗಾಗಿ ಫೋನು ಉಳಿಯಿತು, ಅಕ್ಕ ಉಳಿಯಲಿಲ್ಲ.

"ಅವಳು ಹೋಗಿಬಿಟ್ಟಳು" ಎಂದು ಆ ಫೋನೆತ್ತಿದ ತಂಗಿ ಮೊದಲ ದಿನವೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಕ್ಕ ಬದುಕಿದ್ದಾಳೆಂದು ನಂಬಿದ್ದ ಲೋಕದ ಕೊನೆಯ ದನಿ ಅದು. ಅದರ ಬಾಯಿ ಮುಚ್ಚಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ಇನ್ನೂ ಯೋಚನೆ ಮಾಡ್ತಿದೀನಿ" ಎಂದುಬಿಟ್ಟಳು.

ಹದಿನಾರು ಗುರುವಾರ ಹೀಗೇ ನಡೆಯಿತು. ಫೀಸಿನಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗತೊಡಗಿತು.

"ಊಟ ಆಯ್ತಾ ಮೇಡಂ?"

"ಇದನ್ನ ಕೇಳೋದೂ ಫೀಸಿನಲ್ಲೇ ಸೇರಿದೆಯಾ?"

"ಇಲ್ಲ, ಇದು ಫ್ರೀ. ಡಿಗ್ರಿಗಿಂತ ಜಾಸ್ತಿ ಬಾಳಿಕೆ ಬರುತ್ತೆ."

ಅವಳು ನಕ್ಕಳು. ನಕ್ಕ ಮರುಗಳಿಗೆ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳು ಕೆಲಸ ಮಾಡುತ್ತಿದ್ದ ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ ಮಷೀನುಗಳು ನಿಂತ ಹೊತ್ತು ಅದು. ಬೆನ್ನ ಹಿಂದೆ ಅಕ್ಕ ನಿಂತಂತೆ, ಸುಟ್ಟ ಬಟ್ಟೆಯ ವಾಸನೆ. 'ನಗೇ, ನಗು! ನನ್ನ ಫೋನಲ್ಲೇ ನಗು!'

ಫ್ಯಾಕ್ಟರಿಯವರು ಒಂದು ಜೀವಕ್ಕೆ ಕಟ್ಟಿದ ಬೆಲೆಯ ಚೆಕ್ಕು ಬ್ಯಾಂಕಿಗೆ ಬಿದ್ದ ವಾರವೇ ಅವಳು ಕಾಲೇಜಿಗೆ ಹೋದಳು. ಆ ದುಡ್ಡು ಮೂರು ವರ್ಷದ ಫೀಸಿಗೆ ಸರಿಯಾಗಿ ಸಾಕಾಗುತ್ತಿತ್ತು. ಅಕ್ಕ ಓದಬೇಕೆಂದಿದ್ದನ್ನು ತಾನೇ ಓದಿಬಿಡಬೇಕು. ಇಲ್ಲದಿದ್ದರೆ ಅವಳು ಬೆನ್ನು ಬಿಡುವುದಿಲ್ಲ.

ಕೌಂಟರಿನ ಹಿಂದೆ ತೆಳ್ಳಗಿನ ಯುವಕ. ಸೊಟ್ಟ ಟೈ, ಬೆರಳಿಗೆ ಶಾಯಿ. ಅವಳು "ಸಾರ್" ಎಂದದ್ದೇ ತಡ, ಅವನ ಕಣ್ಣು ಮೇಲೆದ್ದಿತು. ದನಿ ಗುರುತು ಹಿಡಿದ ಕಣ್ಣು ಅವಳ ಮುಖದ ಮೇಲೆ ಬೇಕಾದ್ದಕ್ಕಿಂತ ಎರಡು ಗಳಿಗೆ ಹೆಚ್ಚೇ ನಿಂತಿತು.

"ಯೋಚನೆ ಮುಗೀತಾ ಮೇಡಂ?"

"ಮೂರು ವರ್ಷದ ಫೀಸು ಕೊಡಬೇಕು, ಮೂರು ವರ್ಷದ ಸಂಬಳನೂ ಬಿಡಬೇಕು. ಕೊನೇಲಿ ಸಿಗೋದೇನು? ಫೋನಲ್ಲಿ ಹೇಳೋ ಪಾಠ ಬೇಡ. ನನ್ನ ಮುಖ ನೋಡಿ ಹೇಳಿ."

"ನಿಮಗೆ ಯಾಕೆ ಬೇಕು ಈ ಡಿಗ್ರಿ?"

"ಬಗ್ಗಿದರೂ ಪೆನ್ನು, ಕತ್ತರಿ ಬೀಳದಂಥ ಜೇಬಿರೋ ನರ್ಸ್ ಯೂನಿಫಾರ್ಮ್ ಹೊಲೀಬೇಕು. ಸಾಲ ಕೇಳೋಕೆ ಹೋದಾಗ ಬ್ಯಾಂಕಿನವರು ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ. ಏನು ಓದಿದೀಯ ಅಂದರು, ಅಷ್ಟೇ."

ಅವನು ಡ್ರಾಯರ್ ಎಳೆದ. ಕಾಲೇಜಿನ ಮಿರುಗುವ ಪುಸ್ತಿಕೆಯೊಂದನ್ನು ತೆಗೆದು ಏಳನೇ ಪುಟ ಬಿಚ್ಚಿದ. ಕೋಟು ತೊಟ್ಟ ಯುವಕ ನಗುತ್ತಿದ್ದ. ಕೆಳಗೆ 'ನಮ್ಮ ಹೆಮ್ಮೆಯ ಯುವ ಉದ್ಯಮಿ' ಎಂದಿತ್ತು.

"ಇದು ನೀವೇ ಅಲ್ವಾ?"

"ಕೋಟು ಕಾಲೇಜಿನದು. ಮುಖ ನಂದು." ಅವನ ದನಿ ತಗ್ಗಿತು. "ನಮ್ಮ ಬ್ಯಾಚಲ್ಲಿ ನಲವತ್ತೆಂಟು ಜನ. ಸ್ವಂತ ವ್ಯಾಪಾರ ನಡೆಸ್ತಿರೋರು ಐದೇ ಐದು. ಆ ಐದೂ ಜನಕ್ಕೆ ಅಪ್ಪನ ಅಂಗಡಿ ಮೊದಲೇ ಇತ್ತು. ನಾನು ಮಾರ್ತಿರೋದು ಈ ಡಿಗ್ರಿಯನ್ನೇ. ಬ್ಯಾಂಕಲ್ಲಿ ನನಗೆ ಈಗ ಕುರ್ಚಿ ಕೊಡ್ತಾರೆ ಮೇಡಂ, ಸಾಲ ಕೊಡಲ್ಲ."

"ಏನೂ ಕಲೀಲಿಲ್ವಾ?"

"ಸುಳ್ಳು ಹೇಳಬಾರದು, ಕಲ್ತೆ. ಬೆಲೆ ಕಟ್ಟೋದು, ಗಿರಾಕಿ ಹುಡುಕೋದು. ಮೂರು ತಿಂಗಳಲ್ಲಿ ನಾನೇ ಹೇಳಿಕೊಡಬಲ್ಲೆ."

ಅವಳು ಪುಸ್ತಿಕೆ ಮುಚ್ಚಿದಳು. ಎದುರಿನವನು ಹೊಟ್ಟೆಪಾಡನ್ನು ಪಣಕ್ಕಿಟ್ಟು ನಿಜ ಹೇಳಿದ್ದಾನೆ, ತಾನು ಇನ್ನೂ ಸತ್ತವಳ ಮರೆಯಲ್ಲಿ ನಿಂತಿದ್ದೇನೆ.

"ವಿಚಾರಿಸಿದ್ದು ನಾನಲ್ಲ. ನಮ್ಮಕ್ಕ. ಅವಳು ಬೆಂಕೀಲಿ ಹೋದಳು. ಹದಿನಾರು ವಾರ ನಿಮ್ಮ ಹತ್ರ ಅವಳಾಗಿ ಮಾತಾಡಿದೆ. ಜೇಬಿನ ಯೋಚನೆ, ಬ್ಯಾಂಕಲ್ಲಾದ ಅವಮಾನ, ಎಲ್ಲಾ ಅವಳದು. ನಿಮಗೆ ಇಷ್ಟ ಆಗಿದ್ರೆ ಅದೂ ಅವಳೇ."

ಅವನು ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡ. ಕಂಪ್ಯೂಟರಿನಲ್ಲಿ ಅಕ್ಕನ ಅರ್ಜಿ ಹುಡುಕಿ ಪರದೆಯನ್ನು ಅವಳತ್ತ ತಿರುಗಿಸಿದ.

"ಅವರು ಬರೆದದ್ದು ಇಷ್ಟು. ಹೆಸರು, ವಿಳಾಸ, ನಂಬರು. ಇದರಲ್ಲಿ ನಗು ಎಲ್ಲೂ ಇಲ್ಲ." ಅವನ ಕಿವಿ ಕೆಂಪಾಗಿತ್ತು. "ನಾನು ಗುರುವಾರಕ್ಕೆ ಕಾಯ್ತಿದ್ದದ್ದು ಆ ನಗೂಗೆ."

ಅವಳು ಪರದೆಯಿಂದ ಕಣ್ಣು ತೆಗೆದಳು. ಒಂದು ಜೀವ ಹೋಗಿ ಬಂದ ದುಡ್ಡನ್ನು ಇನ್ನೊಬ್ಬ ಯಜಮಾನನ ಪುಸ್ತಿಕೆಯ ಏಳನೇ ಪುಟಕ್ಕೆ ಸುರಿಯುವುದಿಲ್ಲ ಎಂದು ಅಲ್ಲೇ, ಆ ಕೌಂಟರಿನ ಮುಂದೆಯೇ ತೀರ್ಮಾನವಾಯಿತು.

"ಆಫೀಸು ಎಷ್ಟೊತ್ತಿಗೆ ಬಿಡುತ್ತೆ?"

"ಈಗಲೇ ಬಿಡುತ್ತೆ" ಎಂದು ಅವನು ಎದ್ದೇಬಿಟ್ಟ.

ಬಿಸಿಲು ಇಳಿಯುವ ಮೊದಲೇ ಅವರಿಬ್ಬರೂ ಅದೇ ದುಡ್ಡಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಹೊಲಿಗೆ ಮಷೀನೊಂದನ್ನು ಅವಳ ಮನೆಯ ಮೆಟ್ಟಿಲು ಹತ್ತಿಸುತ್ತಿದ್ದರು. ಮೂರು ಮಹಡಿ, ಇಕ್ಕಟ್ಟಾದ ತಿರುವು. ಅವನಿಗೆ ಏದುಸಿರು.

"ನಾಳೆ ನನ್ನ ಕೆಲಸ ಹೋಗಬಹುದು."

"ಹೊಲಿಗೆ ಬರುತ್ತಾ?"

"ಗುಂಡಿ ಹಾಕೋಕೆ ಬರುತ್ತೆ."

"ಅಯ್ಯೋ ನಿಮ್ಮ ಡಿಗ್ರಿಗಿಷ್ಟು!"

ನಗುತ್ತಿದ್ದಂತೆಯೇ ಅವಳು ಗಕ್ಕನೆ ನಿಂತಳು. ಕೆಳಗಿನ ಮೆಟ್ಟಿಲ ಮೇಲೆ ಮೂರನೆಯವಳ ಹೆಜ್ಜೆ ಸದ್ದು. ದಿನವಿಡೀ ಮಷೀನು ತುಳಿದು ದಣಿದವಳ, ಎಳೆದಿಡುವ ಹೆಜ್ಜೆ. ಅವಳು ತಿರುಗಿ ನೋಡಲಿಲ್ಲ.

"ಸ್ವಲ್ಪ ಪಕ್ಕಕ್ಕೆ ಸರೀರಿ" ಎಂದಳು ಮೆಲ್ಲಗೆ. "ಅವಳೂ ಬರ್ತಿದಾಳೆ."

ಯಾರು ಎಂದು ಅವನು ಕೇಳಲಿಲ್ಲ. ಮಷೀನಿನ ಭಾರವನ್ನೆಲ್ಲ ತನ್ನತ್ತ ಎಳೆದುಕೊಂಡು, ಗೋಡೆಗೆ ಬೆನ್ನು ಒತ್ತಿ, ಒಬ್ಬಳು ಹಾದುಹೋಗುವಷ್ಟು ಜಾಗ ಬಿಟ್ಟು ನಿಂತ.